ಮರದ ಕಡೆಯ ಬಾಗಿಲು

ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋಗಿದ್ದರು. ಅಕ್ಕಪಕ್ಕದ ಮನೆಗಳಿಂದ ತಂದ ಕುರ್ಚಿಗಳೂ ಹೋಗಿದ್ದವು. ಸೋಮವಾರ ಬೆಳಗ್ಗೆ ಆರು ಗಂಟೆಗೆ ಅತ್ತೆ ಮುಂಬಾಗಿಲು ತೆಗೆದರು. ತೆಗೆದವರು ಹೊಸ್ತಿಲಲ್ಲೇ ನಿಂತುಬಿಟ್ಟರು.

"ಅಯ್ಯೋ, ಇದೇನಿದು!"

ಒಲೆಯ ಮೇಲೆ ಹಾಲಿಟ್ಟಿದ್ದ ಸೊಸೆ ಬಂದು ನೋಡಿದಳು. ಮೆಟ್ಟಿಲು ಕಾಣುತ್ತಿರಲಿಲ್ಲ. ಹಳದಿ ಎಲೆ, ಗುಲಾಬಿ ಬಣ್ಣದ ಕುಚ್ಚಿನಂಥ ಹೂವು, ಅಂಟಂಟಾದ ಕರಿಯ ಕಾಯಿ. ಅಂಗಳದ ಮಳೆಮರ ಅಷ್ಟನ್ನೂ ಹೊಸ್ತಿಲವರೆಗೆ ಸುರಿದಿತ್ತು. ಅವಳು ಈ ಮನೆಗೆ ಬಂದು ಏಳು ವರ್ಷ. ಮರ ದಿನಾ ಇಷ್ಟು ಉದುರಿಸುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಯಾರೂ ಏಳುವ ಮೊದಲೇ ಗಂಡ ಗುಡಿಸಿ ಮುಗಿಸುತ್ತಿದ್ದ. ಅವನು ಹೋದ ಮೇಲೆ ಬಂದ ನೆಂಟರಲ್ಲಿ ಯಾರೋ ಒಬ್ಬರು ಪೊರಕೆ ಹಿಡಿಯುತ್ತಿದ್ದರು. ಇವತ್ತು ಯಾರೂ ಇರಲಿಲ್ಲ.

"ಅಜ್ಜಿ, ಮರ ಮನೆಯೊಳಗೆ ಬರ್ತಾ ಇದೆ" ಎಂದಳು ಗುಬ್ಬಿ. ಆರು ವರ್ಷದ ಮಗಳಿಗೆ ಅಪ್ಪ ಇಟ್ಟ ಅಡ್ಡಹೆಸರು ಅದು.

"ಹಾಗನ್ಬೇಡ!" ಅತ್ತೆ ಮಗುವಿನ ಬಾಯಿ ಮುಚ್ಚಿದರು.

ಸೊಸೆ ಪೊರಕೆ ತಂದಳು. ಗುಡಿಸಿ ಮುಗಿಸುವಷ್ಟರಲ್ಲಿ ಒಳಗೆ ಹಾಲು ಉಕ್ಕಿ ಒಲೆ ಆರಿತ್ತು, ಏಳು ಗಂಟೆಯ ಬಸ್ಸು ಹೋಗಿತ್ತು. ಅವಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಅವನು ಹೋದ ದಿನದಿಂದ ಏನೂ ಬರುತ್ತಿರಲಿಲ್ಲ.

ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದವನು ಅವನು. ನೀರು ಕುಡಿಯಲೆಂದು ಕೂತವನು ಮತ್ತೆ ಏಳಲಿಲ್ಲ. ಮೂವತ್ತೈದು ವರ್ಷ. ಹೃದಯದ ಒಂದು ಕವಾಟ ಹುಟ್ಟಿನಿಂದಲೇ ಸರಿ ಇರಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ ಎಂದು ಡಾಕ್ಟರು ಹೇಳಿದರು, ಬರೆದೂ ಕೊಟ್ಟರು. ಆ ಕಾಗದವನ್ನು ಮನೆಯಲ್ಲಿ ಓದಿದವಳು ಸೊಸೆ ಒಬ್ಬಳೇ.

ತಿಂಡಿಗೆ ಕೂತಾಗ ಅತ್ತೆ ಬ್ರೆಡ್ಡನ್ನು ಮುರಿಯುತ್ತಲೇ ಇದ್ದರು, ಬಾಯಿಗೆ ಹಾಕಲಿಲ್ಲ.

"ಮದುವೆಯಾಗಿ ಬಂದ ದಿನದಿಂದ ಬಡ್ಕೊಳ್ತಾ ಇದ್ದೀನಿ. ಬಾಗಿಲು ತೆಗೆದ್ರೆ ಎದುರಿಗೇ ಮರ. ಎದೆಗೆ ಎದೆ ಕೊಟ್ಟು ನಿಂತ ಹಾಗೆ. ಯಾರಾದ್ರೂ ಕಿವಿಗೆ ಹಾಕ್ಕೊಂಡ್ರಾ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ" ಎಂದರು ಮಾವ. ಬಡಗಿ ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇಟ್ಟುಕೊಳ್ಳುವುದನ್ನು ಬಿಟ್ಟಿರಲಿಲ್ಲ. "ಮರ ಏನು ಮಾಡ್ತು ನಿಂಗೆ?"

"ನಂಗೇನೂ ಮಾಡ್ಲಿಲ್ಲ. ನನ್ನ ಮಗನಿಗೆ ಮಾಡ್ತು. ಇನ್ನು ಈ ಮನೇಲಿ ಉಳಿದಿರೋರು ನೀವು, ಈ ಮಗು. ಮುಂದೆ ಯಾರ ಸರದಿ?"

ಮಾವನ ಕಣ್ಣು ನೆಲದ ಮೇಲಿತ್ತು. ಗುಬ್ಬಿ ಅಲ್ಲಿ ಏನನ್ನೋ ತಿರುಗಿಸಿ ಬಿಡುತ್ತಿದ್ದಳು. ಹಿತ್ತಾಳೆಯದು, ಕೆಳಗೆ ಚೂಪು, ಮೇಲೆ ಉದ್ದನೆಯ ದಾರ.

"ಎಲ್ಲಿ ಸಿಕ್ತು ಅದು?" ಎಂದರು ಮಾವ.

"ಅಪ್ಪನ ಊಟದ ಚೀಲದಲ್ಲಿ. ಅಪ್ಪನ ಬುಗುರಿ."

ಮುದ್ರಣಾಲಯದವರು ಕಳಿಸಿಕೊಟ್ಟಿದ್ದ ಚೀಲ ಅದು. ಸೊಸೆ ಅದನ್ನು ಕೈಗೆತ್ತಿಕೊಂಡಳು. ಬುಗುರಿಯಲ್ಲ, ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗಾರೆ ಕೆಲಸದವರು ಇಳಿಬಿಡುವ ತೂಗುಗುಂಡು. ಪಕ್ಕದಲ್ಲಿ ಚಿಕ್ಕದೊಂದು ಇಂಟು ಗುರುತು ಗೀರಿದ್ದರು. ಮೊಳೆ ನೆಟ್ಟಗೆ ಹೊಡೆಯಲು ಬಾರದವನು ಇದನ್ನು ಯಾಕೆ ತಂದಿದ್ದ?

"ಇದು ಯಾರದು ಮಾವ?"

"ಯಾರದೋ. ಎಲ್ಲಾದ್ರೂ ಇಡಮ್ಮ" ಎಂದು ಮಾವ ಎದ್ದರು. ತಟ್ಟೆಯಲ್ಲಿ ಮೊಟ್ಟೆ ಹಾಗೇ ಉಳಿದಿತ್ತು.

ಮುಂದಿನ ಭಾನುವಾರ ಅತ್ತಿಗೆ ಬಂದರು, ಅಂದರೆ ಗಂಡನ ಅಕ್ಕ. ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡವರು. ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು, ಬಾಯಲ್ಲಿ ಯಾವಾಗಲೂ ಯಾರದೋ ಅಳತೆ. ಅವರ ಹಿಂದೆ ಬಿಳಿ ಅಂಗಿಯ ಒಬ್ಬರು ಇದ್ದರು. ನೋಡಿದರೆ ಭೂಗೋಳದ ಮೇಷ್ಟರ ಹಾಗೆ.

"ಇವರು ಫೆಂಗ್ ಶೂಯಿ ನೋಡೋರು. ಸಾವಿರಾರು ವರ್ಷದ ಶಾಸ್ತ್ರ ಅಪ್ಪ, ತಮಾಷೆಯಲ್ಲ."

"ನನ್ನ ಉಳಿ ಸುತ್ತಿಗೇನೂ ಸಾವಿರಾರು ವರ್ಷದ್ದೇ. ಯಾರೂ ಮನೆಗೆ ಕರೀತಿಲ್ಲ."

"ನೀವು ಸುಮ್ನಿರಿ" ಎಂದು ತಾಯಿ ಮಗಳು ಒಟ್ಟಿಗೆ ಹೇಳಿದರು.

ಬಂದವರು ಚಪ್ಪಲಿ ಬಿಟ್ಟು, ಚೀಲದಿಂದ ತಟ್ಟೆಯಂಥ ದಿಕ್ಸೂಚಿ ತೆಗೆದು ಹೊಸ್ತಿಲ ನಡುವೆ ನಿಂತರು. ಮುಳ್ಳು ಅಲುಗಾಡಿ ನಿಲ್ಲುವವರೆಗೆ ಕಾದರು. ಆಮೇಲೆ ತಲೆಯೆತ್ತಿ ಮರ ನೋಡಿದರು. ನೋಡುತ್ತ ನೋಡುತ್ತ ಅವರ ಬಾಯಿ ತೆರೆಯಿತು.

"ಎಷ್ಟು ವರ್ಷದ್ದು?"

"ಯಾರಿಗೆ ಗೊತ್ತು? ನಮ್ಮಪ್ಪ ಹುಟ್ಟಿದಾಗಲೇ ಇತ್ತಂತೆ" ಎಂದರು ಮಾವ.

"ಮನೆಗೆ ಬಾಗಿಲು ಅಂದ್ರೆ ಬಾಯಿ ಇದ್ದ ಹಾಗೆ. ಉಸಿರು ಬರೋದು ಇಲ್ಲಿಂದಲೇ. ಇಷ್ಟು ದೊಡ್ಡ ಮರ ಬಾಯಿಗೆ ಅಡ್ಡ ನಿಂತ್ರೆ ಉಸಿರು ಕಟ್ಟುತ್ತೆ. ಇದು ಸರೀ ನಡುಗೆರೆಯಲ್ಲೇ ನಿಂತಿದೆ."

"ಕೇಳಿದ್ರಾ? ಕೇಳಿದ್ರಾ?" ಎಂದರು ಅತ್ತೆ.

"ಮರದ್ದೇನೂ ತಪ್ಪಿಲ್ಲಮ್ಮ. ಇದೇ ಮರ ಮನೆ ಹಿಂದೆ ಇದ್ದಿದ್ರೆ ಬೆನ್ನಿಗೆ ಬೆಟ್ಟ ಇದ್ದ ಹಾಗೆ. ನಾನೇ ಕೈ ಮುಗಿದು ಹೋಗ್ತಿದ್ದೆ."

"ಹಿಂದೆ ಇಲ್ವಲ್ಲ! ಎದುರಿಗಿದೆಯಲ್ಲ!" ಅತ್ತೆ ಅಷ್ಟು ಹೇಳಿ, ಸೆರಗು ಕಣ್ಣಿಗೊತ್ತಿಕೊಂಡು, ಮಗಳನ್ನೂ ಕರೆದುಕೊಂಡು ಅಡುಗೆಮನೆಗೆ ಹೋದರು. ಚಹಾದ ಬಟ್ಟಲು ಹಿಡಿದು ನಿಂತಿದ್ದ ಸೊಸೆ ಅಲ್ಲೇ ಉಳಿದಳು.

"ಯಜಮಾನ್ರೇ, ಈ ಬಾಗಿಲು ಮೊದಲಿಂದಲೂ ಇಲ್ಲೇ ಇತ್ತಾ?"

ಮಾವ ಕಿವಿಯ ಪೆನ್ಸಿಲ್ ತೆಗೆದು, ಮತ್ತೆ ಅಲ್ಲೇ ಇಟ್ಟುಕೊಂಡರು.

"ಹೂಂ. ಇಲ್ಲೇ."

"ಹಾಗಾದ್ರೆ ಒಂದೋ ಮರ ತೆಗೀಬೇಕು, ಇಲ್ಲಾ ಬಾಗಿಲು ಬೇರೆ ಕಡೆಗೆ..."

"ಬಾಗಿಲು ಆಗಲ್ಲ" ಎಂದು ಮಾವ ಮಾತು ತುಂಡರಿಸಿದರು. "ಮರಾನೇ ತೆಗೆಸೋಣ."

ಆರು ದಿನದ ಹಿಂದೆ ಎತ್ತು ಎಮ್ಮೆಯ ಗಾದೆ ಹೇಳಿದವರು ಇವರೇನಾ ಎಂದು ಸೊಸೆ ಮುಖ ನೋಡಿದಳು. ಮಾವ ಮುಖ ಕೊಡಲಿಲ್ಲ.

ಅತ್ತಿಗೆಯ ಕೆಲಸ ಯಾವಾಗಲೂ ಚುರುಕು. ಬುಧವಾರಕ್ಕೆಲ್ಲ ನಗರಸಭೆಯಿಂದ ಅರ್ಜಿ ನಮೂನೆ ತಂದು ಊಟದ ಮೇಜಿನ ಮೇಲಿಟ್ಟರು. ಮನೆ ತಮ್ಮನ ಹೆಸರಿನಲ್ಲಿತ್ತು. ಅವನಿಲ್ಲದ ಮೇಲೆ ಹೆಂಡತಿಯ ಸಹಿ ಬೇಕು.

"ನೋಡಮ್ಮ, ನೀನು ಓದಿದವಳು. ಇದನ್ನೆಲ್ಲ ನಂಬಲ್ಲ ಅಂತ ನಂಗೊತ್ತು" ಎಂದು ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. "ಆದ್ರೆ ಹೆತ್ತವಳು ನಾನು."

"ಸಹಿ ಮಾಡ್ತೀನಿ ಅತ್ತೆ."

ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದ ಅತ್ತೆಗೆ ಮುಂದೇನು ಮಾಡಬೇಕೋ ತಿಳಿಯಲಿಲ್ಲ. "ಊಟ ಮಾಡು ಮೊದ್ಲು. ಕಡ್ಡಿಯಾಗಿದ್ದೀಯ" ಎಂದು ಬಡಿಸಲು ಹೊರಟರು.

ಅರ್ಜಿಯಲ್ಲಿ ಸಹಿಗಿಂತ ಮೊದಲು ನಾಲ್ಕು ಖಾಲಿ ಜಾಗಗಳಿದ್ದವು. ಮರದ ಜಾತಿ. ಸುತ್ತಳತೆ. ಎತ್ತರ. ಕಡಿಯಲು ಕಾರಣ. ಬೀಜ ಪರೀಕ್ಷಾ ಕೇಂದ್ರದಲ್ಲಿ ಅವಳ ಕೆಲಸವೆಂದರೆ ಒದ್ದೆ ಕಾಗದದ ಮೇಲೆ ನೂರು ಬೀಜ ಇಟ್ಟು, ಏಳನೆಯ ದಿನ ಎಷ್ಟು ಮೊಳೆತವು ಎಂದು ಎಣಿಸಿ ಬರೆಯುವುದು. ಅಂದಾಜಿನ ಮೇಲೆ ಬರೆದು ಅವಳಿಗೆ ಅಭ್ಯಾಸವಿರಲಿಲ್ಲ. ಶನಿವಾರ ಸಂಜೆ ಅತ್ತಿಗೆಯ ಟೇಪು ಇಸಿದುಕೊಂಡು, ಗುಬ್ಬಿಯನ್ನು ಕರೆದುಕೊಂಡು ಮರದ ಬುಡಕ್ಕೆ ಹೋದಳು.

"ನೀನು ಈ ತುದಿ ಹಿಡ್ಕೋ. ಬಿಡ್ಬೇಡ."

ಟೇಪು ಅರ್ಧಕ್ಕೂ ಬರಲಿಲ್ಲ. ಮುಗಿದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಮತ್ತೆ ಹಿಡಿದರು. ಮತ್ತೆ ಮುಗಿಯಿತು. ಮತ್ತೆ ಹಿಡಿದರು. ತೊಗಟೆಗೆ ಕೆನ್ನೆ ಒತ್ತಿ, ಕೈ ಚಾಚಿ, ಬೇರುಗಳನ್ನು ದಾಟಿ ಸುತ್ತು ಬರುವಷ್ಟರಲ್ಲಿ ತಾಯಿ ಮಗಳಿಗೆ ಏದುಸಿರು. ಮೂರು ಟೇಪು, ಮೇಲೆ ನಾಲ್ಕು ಗೇಣು.

"ಅಮ್ಮ, ನಮ್ಮ ಅಡುಗೆಮನೆಯಷ್ಟು ದಪ್ಪ ಇದೆ!"

ಎತ್ತರಕ್ಕೆ ಅವಳಿಗೆ ಒಂದು ಉಪಾಯ ಗೊತ್ತಿತ್ತು. ಚಾಚಿದ ತೋಳಿನಷ್ಟೇ ಉದ್ದದ ಕಡ್ಡಿಯನ್ನು ಕಣ್ಣೆದುರು ನೆಟ್ಟಗೆ ಹಿಡಿದು ಹಿಂದೆ ಹಿಂದೆ ಹೋಗಬೇಕು. ಕಡ್ಡಿ ಮರವನ್ನು ಬುಡದಿಂದ ತುದಿಯವರೆಗೆ ಮುಚ್ಚಿದಾಗ ನಿಲ್ಲಬೇಕು. ಅಲ್ಲಿಂದ ಮರ ಎಷ್ಟು ದೂರವೋ ಅಷ್ಟೇ ಅದರ ಎತ್ತರ. ಗುಬ್ಬಿ ಹೆಜ್ಜೆ ಎಣಿಸಿದಳು. ಅಂಗಳ ಮುಗಿಯಿತು, ಗೇಟು ದಾಟಿದ್ದಾಯಿತು, ಆದರೂ ಮರ ಕಡ್ಡಿಗಿಂತ ದೊಡ್ಡದಾಗಿಯೇ ಇತ್ತು. ಬಸ್ಸುಗಳಿಗೆ ದಾರಿ ಬಿಟ್ಟು ದೊಡ್ಡ ರಸ್ತೆಯನ್ನೂ ದಾಟಿದರು.

"ಮೂವತ್ತೆಂಟು!" ಎಂದು ಗುಬ್ಬಿ ಕೂಗಿದಳು. ತಾಯಿಯ ಬೆನ್ನು ಬಸ್ ನಿಲ್ದಾಣದ ಕಂಬಕ್ಕೆ ತಾಗಿತ್ತು.

ಅವಳು ಕಡ್ಡಿ ಕೆಳಗಿಳಿಸಿದಳು.

ಏಳು ವರ್ಷ ಅದರ ಕೆಳಗೇ ಬಟ್ಟೆ ಒಣಹಾಕಿದ್ದಳು, ಅದರ ಕೆಳಗೇ ಹಾದು ಬಸ್ಸಿಗೆ ಓಡಿದ್ದಳು. ಅದನ್ನು ನೋಡಿರಲಿಲ್ಲ. ಅವರ ಮನೆ, ಪಕ್ಕದ ಮನೆ, ಅರ್ಧ ರಸ್ತೆ, ಎಲ್ಲದರ ಮೇಲೂ ಕೊಂಬೆ ಚಾಚಿತ್ತು. ಕೆಳಗೆ ಹೋಗುತ್ತಿದ್ದ ಬಸ್ಸು ಬೆಂಕಿಪೊಟ್ಟಣದ ಹಾಗಿತ್ತು. ಸೂರ್ಯ ಇಳಿಯುತ್ತಿದ್ದಂತೆ ಲಕ್ಷಾಂತರ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳತೊಡಗಿದವು, ಒಂದಿಷ್ಟೂ ಸದ್ದಿಲ್ಲದೆ. ಇಡೀ ಮರ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಎಲೆ ಮುಚ್ಚಿದಲ್ಲೆಲ್ಲ ಆಕಾಶ ತೆರೆಯುತ್ತಿತ್ತು. ಇದೂ ಒಂದು ದಿನ ಉಗುರಿನಷ್ಟಿದ್ದ ಬೀಜ. ಒದ್ದೆ ಕಾಗದದ ಮೇಲೆ ಇದ್ದಿದ್ದರೆ ಅವಳು ಅದನ್ನು 'ಒಂದು' ಎಂದು ಬರೆದು ಮುಂದಿನ ಸಾಲಿಗೆ ಹೋಗಿರುತ್ತಿದ್ದಳು.

"ಮರ ನಿದ್ದೆ ಮಾಡ್ತಾ ಇದೆ" ಎಂದಳು ಗುಬ್ಬಿ.

"ಹೂಂ."

"ನಿದ್ದೆ ಮಾಡ್ತಾ ಇರೋವಾಗ ಕಡೀತಾರಾ?"

"ಇಲ್ಲ. ಬೆಳಗ್ಗೆ."

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಮನೆಗೆ ಬಂದು ಮೂರು ಜಾಗ ತುಂಬಿದಳು. ನಾಲ್ಕನೆಯದರ ಮುಂದೆ ಪೆನ್ನು ನಿಂತಿತು.

"ಕಾರಣ ಏನಂತ ಬರೀಲಿ ಅತ್ತೆ?"

"ಬರಿ, ಮಗ ಸತ್ತ ಅಂತ."

ಅವಳು ಬರೆಯಲಿಲ್ಲ. ಅರ್ಜಿಯನ್ನು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಳು. ಅದು ಅಲ್ಲೇ ಎರಡು ವಾರ ಇತ್ತು. ಮೊದಲನೆಯ ವಾರ ಅತ್ತೆ ದಿನಾ ನೆನಪಿಸಿದರು. ಎರಡನೆಯ ವಾರ ನೆನಪಿಸುವ ಬದಲು ಪಾತ್ರೆಗಳನ್ನು ಜೋರಾಗಿ ಇಟ್ಟರು. "ಓದು ಜಾಸ್ತಿಯಾದ್ರೆ ಕೈ ಬರೆಯೋದು ನಿಲ್ಲಿಸುತ್ತೆ" ಎಂದು ಗೋಡೆಗೆ ಹೇಳಿದರು. ಮಾವ ಊಟಕ್ಕೆ ಕೊನೆಗೆ ಬಂದು ಮೊದಲು ಏಳುತ್ತಿದ್ದರು.

ಅವನು ಹೋದ ಮೇಲಿನ ಐದನೆಯ ಭಾನುವಾರ ಸೊಸೆ ಗಂಡನ ಬಟ್ಟೆಗಳನ್ನು ಕೊಟ್ಟುಬಿಡಲೆಂದು ಹಿಂದಿನ ಕೋಣೆಯ ದೊಡ್ಡ ಬೀರು ಖಾಲಿ ಮಾಡಿದಳು. ಮಾವ ಮಾಡಿದ ಮರದ ಬೀರು. ಮನೆ ಹಿಂದಿನ ಹಳೇ ಓಣಿಯ ಕಡೆಯ ಗೋಡೆಗೆ ಆನಿಸಿ ಇಟ್ಟಿದ್ದು. ಅವಳು ಬಂದಾಗಿನಿಂದ ಯಾರೂ ಅದನ್ನು ಅಲ್ಲಾಡಿಸಿದ್ದಿಲ್ಲ. ಆದರೆ ಕೆಳಗಿನ ಖಾನೆಯನ್ನು ಒರೆಸಲು ಬಗ್ಗಿದಾಗ ನೆಲದ ಮೇಲೆ ಎರಡು ಹೊಸ ಗೀರು ಕಂಡವು. ಬೀರು ಸರಿದಿತ್ತು, ಮತ್ತೆ ವಾಪಸು ಬಂದಿತ್ತು.

"ಗುಬ್ಬಿ, ಬಾ. ತಳ್ಳು."

ಖಾಲಿ ಬೀರು ಇಬ್ಬರ ತಳ್ಳಿಗೆ ಸರಿಯಿತು. ಸುಣ್ಣದ ಗೋಡೆಯ ಮೇಲೆ ಪೆನ್ಸಿಲ್ ಗೆರೆಗಳಿದ್ದವು: ಎರಡು ನಿಲುಗೆರೆ, ಮೇಲೊಂದು ಅಡ್ಡಗೆರೆ. ಬಾಗಿಲಿನಷ್ಟು ಎತ್ತರ, ಬಾಗಿಲಿನಷ್ಟು ಅಗಲ. ಗೆರೆಗಳ ನಡುವೆ ಗಿಲಾವನ್ನು ಅಂಗೈಯಷ್ಟು ಯಾರೋ ಕೆರೆದಿದ್ದರು. ಒಳಗೆ ಗೋಡೆಯ ಕಲ್ಲಲ್ಲ, ಇಟ್ಟಿಗೆ. ಪಕ್ಕದಲ್ಲಿ ಗಂಡನ ದುಂಡನೆಯ ಅಕ್ಷರ: 'ಅಪ್ಪನಿಗೆ ಹೇಳಬೇಕು.'

ಗುಬ್ಬಿ ಅಕ್ಷರ ಕೂಡಿಸಿ ಜೋರಾಗಿ ಓದಿದಳು. ಅಡುಗೆಮನೆಯಿಂದ ಅತ್ತೆ ಬಂದರು. ಅಂಗಳದಿಂದ ಮಾವ ಬಂದರು. ಗೋಡೆ ನೋಡಿದ ಕೂಡಲೇ ಮಾವ ಮಂಚದ ಅಂಚಿನಲ್ಲಿ ಕೂತರು.

"ಏನ್ರೀ ಇದು?" ಎಂದರು ಅತ್ತೆ.

"ಬಾಗಿಲು" ಎಂದರು ಮಾವ. "ಈ ಮನೆ ಮುಂಬಾಗಿಲು. ನಾನೇ ಮುಚ್ಚಿದ್ದು."

ಮಾವ ಗೆರೆಗಳ ಕಡೆ ಕೈ ತೋರಿಸಿದರು.

"ನಮ್ಮ ಮದುವೆಗೆ ಒಂದು ವರ್ಷ ಮೊದ್ಲು. ಆ ಕಡೆ ದೊಡ್ಡ ರಸ್ತೆ ಬಂತು. ಓಣಿಯೊಳಗೆ ಹುಡುಕ್ಕೊಂಡು ಬಂದು ಯಾರು ಮೇಜು ಕುರ್ಚಿ ಮಾಡಿಸ್ತಾರೆ? ಮರದ ಕಡೆ ಹೊಸ ಬಾಗಿಲು ಒಡೆದೆ, ಓಣಿಯ ಗಾರೆ ಮೇಸ್ತ್ರಿ ಬಂದು ಇದನ್ನ ಮುಚ್ಚಿ ಗಿಲಾವು ಮಾಡಿದ. ಆ ಗುಂಡು ಅವನದೇ. ಇಂಟು ಗುರುತು ನೋಡಿದ ಕೂಡಲೇ ನಂಗೆ ಗೊತ್ತಾಯ್ತು, ಮಗ ಎಲ್ಲಾ ತಿಳ್ಕೊಂಡಿದ್ದ ಅಂತ." ಅವರು ಕಿವಿಯ ಪೆನ್ಸಿಲ್ ತೆಗೆದು ಕೈಯಲ್ಲಿ ಹಿಡಿದರು. "ಮರ ಹಿತ್ತಲಲ್ಲಿತ್ತು. ತನ್ನ ಪಾಡಿಗೆ ತಾನಿತ್ತು. ಮನೆ ಮುಖ ತಿರುಗಿಸಿ ಅದರ ಎದುರಿಗೆ ನಿಲ್ಲಿಸಿದವನು ನಾನು. ಆ ಮನುಷ್ಯ ಕೇಳಿದಾಗ ನಿಜ ಹೇಳಿದ್ರೆ ಏನಾಗ್ತಿತ್ತು? ಮಗನನ್ನ ತಿಂದದ್ದು ಮರ ಅಲ್ಲ, ನಾನು ಅಂತಾಗ್ತಿತ್ತು."

ಸೊಸೆ ಎದ್ದು ಹೋಗಿ, ಕಾಗದಗಳ ಡಬ್ಬಿಯಿಂದ ಡಾಕ್ಟರ ಕಾಗದ ತಂದು ಗಟ್ಟಿಯಾಗಿ ಓದಿದಳು. ಮೊದಲಿನಿಂದ ಕೊನೆಯವರೆಗೆ, ದಿನಾಂಕದ ಸಮೇತ.

"ಹುಟ್ಟಿನಿಂದ ಇತ್ತು ಅಂತ ಬರೆದಿದ್ದಾರೆ ಮಾವ. ಇದರಲ್ಲಿ ಮರ ಇಲ್ಲ. ಬಾಗಿಲೂ ಇಲ್ಲ."

"ಗೊತ್ತು ಕಣೆ" ಎಂದರು ಅತ್ತೆ. ಅವರ ದನಿ ಸಣ್ಣದಾಗಿತ್ತು. "ನಾನೇನು ದಡ್ಡಿನಾ? ಡಾಕ್ಟರು ಹೇಳಿದ್ದು ನಂಗೂ ಕೇಳಿಸಿತ್ತು. ಆದ್ರೂ ಏನಾದ್ರೂ ಮಾಡ್ಬೇಕಲ್ಲ. ಸುಮ್ನೆ ಕೂರೋಕಾಗಲ್ಲ."

ಅವರು ಗೋಡೆಯ ಹತ್ತಿರ ಹೋಗಿ ಮಗನ ಅಕ್ಷರವನ್ನು ಮುಟ್ಟದೆ, ಅದರ ಪಕ್ಕ ಕೈಯಿಟ್ಟರು. ಆಮೇಲೆ ಥಟ್ಟನೆ ಗಂಡನ ಕಡೆ ತಿರುಗಿದರು.

"ಅಲ್ಲಾ, ಹಾಗಾದ್ರೆ ನಲವತ್ತು ವರ್ಷದ ಹಿಂದೆ ಮದುಮಗಳು ಅಂತ ನನ್ನ ಕರ್ಕೊಂಡು ಬಂದಿದ್ದು ಹಿತ್ತಲ ಬಾಗಿಲಿಂದಲಾ?"

ಮಾವ ತಲೆ ತಗ್ಗಿಸಿದರು. ಗುಬ್ಬಿ ಕಿಸಕ್ಕನೆ ನಕ್ಕಳು. ಆ ಮನೆಯಲ್ಲಿ ಐದು ವಾರದ ನಂತರ ಕೇಳಿದ ಮೊದಲ ನಗು ಅದು. ಅತ್ತೆಯ ತುಟಿಯೂ ಅದುರಿತು, ನಗುವಿಗೋ ಅಳುವಿಗೋ.

"ನೋಡ್ತಾ ಏನು ಕೂತಿದ್ದೀರಿ? ಒಡೀರಿ."

"ಒಡೀತೀನಿ. ಊಟ ಮುಗಿಸ್ಲಾ?"

ಫೋನಿನಲ್ಲಿ ವಿಷಯ ಕೇಳಿದ ಫೆಂಗ್ ಶೂಯಿಯವರು, "ಅದಕ್ಕೇ ಅಲ್ವಾ ನಾನು ಅವತ್ತು ಕೇಳಿದ್ದು!" ಎಂದರಂತೆ. ಆ ಮಾತನ್ನು ಅತ್ತಿಗೆ ಅಂಗಡಿಗೆ ಬಂದವರಿಗೆಲ್ಲ ಹೇಳಿದರು.

ಮೂರು ವಾರ ಮನೆಯೆಲ್ಲ ಧೂಳು. ಗಂಜಿಯಲ್ಲೂ ಧೂಳು, ಹಾಸಿಗೆಯಲ್ಲೂ ಧೂಳು. ಮಾವ ತುಕ್ಕು ಹಿಡಿದ ಉಳಿಗಳನ್ನು ಮಸೆದರು. ಅತ್ತೆ ಇಟ್ಟಿಗೆ ಹೊತ್ತರು, ಬೈಯುತ್ತಲೇ ಹೊತ್ತರು. ಮೊದಲ ಇಟ್ಟಿಗೆ ಬಿದ್ದಾಗ ಓಣಿಯ ಬೆಳಕು ಕೋಲಿನಂತೆ ಒಳಗೆ ಬಂದು 'ಅಪ್ಪನಿಗೆ ಹೇಳಬೇಕು' ಎಂಬ ಅಕ್ಷರಗಳ ಪಕ್ಕ ನಿಂತಿತು. ಅಷ್ಟು ಗೋಡೆಯನ್ನು ಮಾವ ಒಡೆಯಲಿಲ್ಲ. ಸಕ್ಕರೆ ಡಬ್ಬಿಯ ಕೆಳಗಿದ್ದ ಅರ್ಜಿಯ ಬೆನ್ನಿಗೆ ಗುಬ್ಬಿ ಮರದ ಚಿತ್ರ ಬರೆದಳು. ಬುಡ ಮತ್ತು ಎರಡು ಕೊಂಬೆ ಬರೆಯುವಷ್ಟರಲ್ಲಿ ಹಾಳೆ ಮುಗಿಯಿತು.

ಬಾಗಿಲು ನಿಂತ ದಿನ ಎಲ್ಲರೂ ಅದರ ಮೂಲಕ ಓಣಿಗೆ ಇಳಿದು ಹಿಂತಿರುಗಿ ನೋಡಿದರು. ಮಾವನನ್ನು ಬಿಟ್ಟರೆ ಯಾರೂ ಅವರ ಮನೆಯನ್ನು ಆ ಕಡೆಯಿಂದ ಹೀಗೆ ನಿಂತು ನೋಡಿದ್ದೇ ಇಲ್ಲ. ಹೆಂಚಿನ ಮೇಲೆ, ಹೊಗೆಕೊಳವೆಯ ಮೇಲೆ, ಅದರ ಮೇಲೆ, ಇನ್ನೂ ಮೇಲೆ ಮರ ಎದ್ದಿತ್ತು. ರೆಕ್ಕೆಯಡಿಯ ಕೋಳಿಮರಿಯಂತೆ ಮನೆ ಅದರ ಮುಂದೆ ಕೂತಿತ್ತು.

"ಇದು ನಮ್ಮ ಮನೇನಾ?" ಎಂದು ಅತ್ತೆ ಪಿಸುಗುಟ್ಟಿದರು.

ಮಾವ ತೂಗುಗುಂಡಿನ ದಾರ ಸುತ್ತಿ ಸೊಸೆಯ ಕೈಗೆ ಕೊಟ್ಟರು. "ಮೇಸ್ತ್ರಿಗೆ ಕೊಟ್ಟು ಬಾಮ್ಮ. ನಂಗೆ ಮುಖ ಇಲ್ಲ."

ಮೇಸ್ತ್ರಿಯ ಮನೆ ಅದೇ ಓಣಿಯ ಆ ತುದಿಯಲ್ಲಿತ್ತು. ಸಂಜೆ ಅವಳು ಹೋದಾಗ ಜಗಲಿಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿದ್ದವು. ಅವಳು ಗುಂಡನ್ನು ಅಂಗೈಯಲ್ಲಿಟ್ಟ ಕೂಡಲೇ ಹೆಬ್ಬೆರಳು ಇಂಟು ಗುರುತನ್ನು ಹುಡುಕಿಕೊಂಡಿತು.

"ಓ, ಬಂತಾ. ಅಮ್ಮನಿಗೆ ಹಳೇ ಬಾಗಿಲು ತೆಗೆದು ಕೊಡ್ತೀನಿ ಅಂತ ಎರಡು ದಿನಕ್ಕೆ ತಗೊಂಡು ಹೋಗಿದ್ದ ಹುಡುಗ. ಅಪ್ಪನಿಗೆ ಹೇಳಿದೆಯೇನೋ ಅಂದೆ. ಮೊದ್ಲು ಗೆರೆ ಎಳೀತೀನಿ, ಆಮೇಲೆ ಬೈದ್ರೂ ಗೆರೆಗೆ ಬೈತಾರೆ ಅಂದ." ಅವರು ಗುಂಡನ್ನು ಮಡಿಲಲ್ಲಿಟ್ಟುಕೊಂಡರು. "ಸುತ್ತಿಗೆ ಸದ್ದು ಕೇಳ್ತಾ ಇತ್ತಮ್ಮ ಇಷ್ಟು ದಿನ. ನೆಟ್ಟಗೆ ಕೂತಿತಾ ಬಾಗಿಲು?"

"ಇಲ್ಲ. ಎಡಗಡೆ ಒಂದು ಬೆರಳು ವಾಲಿದೆ. ಚಿಲಕ ಹಾಕದಿದ್ರೆ ತಾನಾಗೇ ತೆರ್ಕೊಳುತ್ತೆ."

"ನಿಮ್ಮ ಮಾವ ಇಟ್ಟ ಚೌಕಟ್ಟು ವಾಲೋದಾ? ಕೂದಲೆಳೆ ವಾಲಿದ್ರೆ ಕಿತ್ತು ಮತ್ತೆ ಇಡೋ ಆಸಾಮಿ! ಗುಂಡು ಹಿಡೀಲಿಲ್ವಾ?"

"ಹಿಡಿದು ನೋಡಿದ್ರು. ನೋಡಿ, ದಾರ ಸುತ್ತಿಟ್ರು. ನಮ್ಮನೆಯವರು ಎಳೆದಿದ್ದ ಗೆರೆ ಮೇಲೇ ಇಟ್ರು."

ಮೇಸ್ತ್ರಿಯ ಕೈ ಬಟಾಣಿಯ ಮೇಲೆ ನಿಂತಿತು. ಆಮೇಲೆ ಪಕ್ಕಕ್ಕೆ ಸರಿದು ಜಗಲಿಯಲ್ಲಿ ಜಾಗ ಮಾಡಿದರು. ಅವಳು ಕೂತಳು. ಇಷ್ಟು ವಾರ ಎಲ್ಲಿತ್ತೋ, ಅಳು ಬಂತು. ಮೇಸ್ತ್ರಿ ಬಟಾಣಿ ಸುಲಿಯುತ್ತ ಕೂತರು. ಎಷ್ಟೋ ಹೊತ್ತಾದ ಮೇಲೆ ಕೇಳಿದರು:

"ಮರ ಕಾಣುತ್ತಾ ಇಲ್ಲಿಂದ?"

ಅವಳು ಕಣ್ಣೊರೆಸಿಕೊಂಡು ತಿರುಗಿದಳು. ಓಣಿಯ ಅಷ್ಟೂ ಹೆಂಚುಗಳ ಮೇಲೆ ಅದೊಂದೇ ಕಾಣುತ್ತಿತ್ತು.

"ಕಾಣುತ್ತೆ. ಎಲೆ ಮುಚ್ಕೊಳ್ತಾ ಇದೆ."

"ಬಾಗಿಲು?"

ಚಿಲಕ ಹಾಕುವುದನ್ನು ಮರೆತು ಬಂದಿದ್ದಳು.

"ತೆರ್ಕೊಳ್ತಾ ಇದೆ" ಎಂದಳು.